ಟೈಕೊ ಬ್ರಾಹೆ ಎದ್ದು ಹೋಗದ ಔತಣ

1601ರ ಅಕ್ಟೋಬರ್ 13. ಪ್ರಾಗ್ ನಗರದ ಸಿರಿವಂತ ರೋಸೆನ್‌ಬರ್ಗ್ ಮನೆಯಲ್ಲಿ ಔತಣ. ಅತಿಥಿಗಳಲ್ಲಿ ಡೆನ್ಮಾರ್ಕಿನ ಖಗೋಳಜ್ಞ ಟೈಕೊ ಬ್ರಾಹೆ. ಮೂತ್ರಕ್ಕೆ ಅವಸರವಾದರೂ ಆತ ಊಟದ ನಡುವೆ ಏಳಲಿಲ್ಲ, ಎದ್ದರೆ ಮರ್ಯಾದೆಗೇಡು. ಮನೆಗೆ ಬಂದಾಗ ಮೂತ್ರ ಕಟ್ಟಿತ್ತು. ಐದು ದಿನ ನಿದ್ದೆಯಿಲ್ಲ. ಆಮೇಲೆ ಅಷ್ಟಿಷ್ಟು ಬಂತು, ಅದೂ ಯಾತನೆಯಿಂದ. ಜ್ವರ, ಸನ್ನಿ, 24ರಂದು ಸಾವು. ಈ ವಿವರ ಸಿಕ್ಕಿರುವುದು ಸಹಾಯಕ ಕೆಪ್ಲರನ ಕೃಪೆಯಿಂದ.

ಪಾದರಸದ ವಿಷವಿರಬಹುದೆಂಬ ಗುಮಾನಿಯಿಂದ 2010ರಲ್ಲಿ ಗೋರಿ ತೆರೆದರು. ಕೊಲ್ಲುವಷ್ಟು ಪಾದರಸವಿರಲಿಲ್ಲವೆಂದು 2012ರಲ್ಲಿ ತಿಳಿಯಿತು. ಬರೀ ತಡೆದದ್ದರಿಂದಲೇ ಸತ್ತನೆಂದು ನಂಬುವುದು ಕಷ್ಟ. ಮೊದಲೇ ಏನೋ ಅಡಚಣೆಯಿದ್ದಿರಬೇಕು.

ಚರಕಸಂಹಿತೆಯಲ್ಲಿ ತಡೆಯಬಾರದ 13 ವೇಗಗಳ ಪಟ್ಟಿಯಿದೆ. ಮೊದಲ ಹೆಸರೇ ಮೂತ್ರದ್ದು!

ಇದಕ್ಕೆ ತದ್ವಿರುದ್ಧವಾದ ಸಂಕಟವೂ ಉಂಟು. ಮೂತ್ರಕೋಶ ತುಂಬುವ ಮೊದಲೇ ಅದರ ಸ್ನಾಯು ಹಿಂಡಿಕೊಳ್ಳುತ್ತದೆ. ತಡೆಯಲಾಗದ ಅವಸರ, ರಾತ್ರಿ ಪದೇ ಪದೇ ಏಳಾಟ. ಈ ‘ಓವರ್‌ಆಕ್ಟಿವ್ ಬ್ಲ್ಯಾಡರ್’ಗೆ ತಜ್ಞರ ಅಂತಾರಾಷ್ಟ್ರೀಯ ಸಂಘ ವ್ಯಾಖ್ಯೆ ಕೊಟ್ಟದ್ದು 2002ರಲ್ಲಿ. ಸೋಂಕು, ಸಕ್ಕರೆ ಕಾಯಿಲೆ, ಗಂಡಸರಲ್ಲಿ ಪ್ರಾಸ್ಟೇಟ್ ತೊಂದರೆ ಇವೆಯೇ ಎಂದು ವೈದ್ಯರು ಮೊದಲು ನೋಡುತ್ತಾರೆ. ನಂತರದ ಸಲಹೆ ಚರಕನಿಗೇ ಎದುರು: ಅವಸರವಾದೊಡನೆ ಓಡಬೇಡಿ, ಕೆಲವು ನಿಮಿಷ ತಡೆಯಿರಿ, ವಾರವಾರಕ್ಕೂ ಆ ಅಂತರ ಹೆಚ್ಚಿಸಿ. ಸಾಲದಿದ್ದರೆ ಮಾತ್ರೆಗಳಿವೆ.

ಆದರೆ ನಾಚಿಕೆ ಬಿಟ್ಟು ವೈದ್ಯರ ಬಳಿ ಹೋಗುವವರು ಕಡಿಮೆ. ಬಸ್ ಪ್ರಯಾಣವೆಂದರೆ ಹಿಂದಿನ ದಿನದಿಂದಲೇ ನೀರು ಬಿಡುವ ಹೆಂಗಸರಿದ್ದಾರೆ. ನೀರು ತೀರಾ ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಕೋಶವನ್ನು ಕೆರಳಿಸುತ್ತದೆ. ಅವಸರ ಇನ್ನಷ್ಟು ಹೆಚ್ಚುತ್ತದೆ.