ಸದ್ದು ಮತ್ತು ಸಾಕ್ಷ್ಯ: ಜಮಖಂಡಿ–ಬೀಳಗಿ ಪರಿಸರದ ಧ್ವನಿಮುದ್ರಣಗಳ ಪರಿಷ್ಕರಣ

ಮುಧೋಳವು ಕವಿ ರನ್ನನ ಊರು. ಅವನ ಕಾವ್ಯಗಳ ಓಲೆಪ್ರತಿಗಳನ್ನು ಪರಿಷ್ಕರಿಸಿದ ವಿದ್ವಾಂಸರು ಲಿಪಿಕಾರರ ದೋಷಗಳನ್ನು ತಿದ್ದಿದರು. ಆದರೆ ತಿದ್ದುವ ಮೊದಲಿನ ಪಾಠವನ್ನು ಅಡಿಟಿಪ್ಪಣಿಯಲ್ಲಿ ಉಳಿಸಿದರು. ಹಳೆಯ ಧ್ವನಿಮುದ್ರಣಗಳನ್ನು ಶುದ್ಧಗೊಳಿಸುವ ಕಾರ್ಯವೂ ಮೂಲತಃ ಸಂಪಾದನೆಯೇ. ಇಂದು ಅದು ಮನೆಯ ಗಣಕಯಂತ್ರದಲ್ಲಿಯೇ ಸಾಧ್ಯವಾಗಿರುವುದರಿಂದ, ಗ್ರಂಥಸಂಪಾದನೆಯ ಈ ಶಿಸ್ತು ಧ್ವನಿಗೂ ಅನ್ವಯಿಸಬೇಕೆಂಬುದನ್ನು ಪ್ರಸ್ತುತ ಪ್ರಬಂಧವು ಪ್ರತಿಪಾದಿಸುತ್ತದೆ.

ಪಟವರ್ಧನರ ಜಮಖಂಡಿ ಹಾಗೂ ಘೋರ್ಪಡೆಯವರ ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ಅದಕ್ಕೂ ಮುಂಚೆಯೇ ಈ ಸೀಮೆಯ ಕಲಾವಿದರಿಗೆ ಮುಂಬಯಿಯ ದಾರಿ ತೆರೆದಿತ್ತು. ಬೀಳಗಿಯಲ್ಲಿ ಜನಿಸಿದ ಅಮೀರ್‌ಬಾಯಿ ಕರ್ನಾಟಕಿ ಹಿಂದಿ ಚಿತ್ರರಂಗದಲ್ಲಿ ನಟಿಯಾಗಿಯೂ ಗಾಯಕಿಯಾಗಿಯೂ ಹೆಸರಾದರು. ಅನಿಲ್ ಬಿಸ್ವಾಸರ ಸಂಗೀತವಿದ್ದ ‘ಕಿಸ್ಮತ್’ (1943) ಚಿತ್ರದ ಹಾಡುಗಳು ಅವರ ಕಂಠವನ್ನು ದೇಶದ ಉದ್ದಗಲಕ್ಕೂ ಒಯ್ದವು. ಅವರ ಸಹೋದರಿ ಗೋಹರ್‌ಬಾಯಿ ಬಾಲಗಂಧರ್ವರೊಡನೆ ಮರಾಠಿ ರಂಗಭೂಮಿಯಲ್ಲಿ ದುಡಿದರು. 1965ರಲ್ಲಿ ಅಮೀರ್‌ಬಾಯಿ ನಿಧನರಾದ ಬಳಿಕ ಆ ಕಂಠಕ್ಕೆ ಉಳಿದ ಸಾಕ್ಷ್ಯವೆಂದರೆ ಚಲನಚಿತ್ರಗಳ ಧ್ವನಿಪಥ ಮತ್ತು ಗ್ರಾಮಫೋನ್ ತಟ್ಟೆಗಳು.

ಆ ಕಾಲದ ತಟ್ಟೆಗಳನ್ನು ಅರಗು, ಖನಿಜಪುಡಿ ಹಾಗೂ ಕಾಡಿಗೆಗಳ ಮಿಶ್ರಣದಿಂದ ಒತ್ತುತ್ತಿದ್ದರು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷಗಳಿಗಿಂತ ತುಸು ಹೆಚ್ಚಿನ ಹಾಡಷ್ಟೇ ಹಿಡಿಸುತ್ತಿತ್ತು. ಉಕ್ಕಿನ ಮುಳ್ಳಿನ ಭಾರವನ್ನು ತಡೆಯಲು ಬೆರೆಸಿದ ಖನಿಜಪುಡಿಯೇ ನಿರಂತರವಾದ ‘ಸರ್’ ಎಂಬ ಸದ್ದಿಗೆ ಮುಖ್ಯ ಕಾರಣ. ಗೀರುಗಳಿಂದ ಟಕಟಕ ಸದ್ದೂ, ಧೂಳಿನಿಂದ ಚಟಪಟ ಸದ್ದೂ ಹುಟ್ಟುತ್ತವೆ. ಆದಕಾರಣ ಶುದ್ಧೀಕರಣವು ಗಣಕಯಂತ್ರದಲ್ಲಿ ಅಲ್ಲ, ತಟ್ಟೆಯ ಮೇಲೆಯೇ ಆರಂಭವಾಗಬೇಕು. ಭಟ್ಟಿ ಇಳಿಸಿದ ನೀರು, ಸೌಮ್ಯವಾದ ಮಾರ್ಜಕ ಮತ್ತು ಮೆತ್ತನೆಯ ಬ್ರಷ್ಷು ಇದಕ್ಕೆ ಸಾಕು. ಮದ್ಯಸಾರವನ್ನು ಮಾತ್ರ ಬಳಸಕೂಡದು. ಅರಗು ಅದರಲ್ಲಿ ಕರಗುವುದರಿಂದ ಧೂಳಿನೊಡನೆ ಹಾಡೂ ಅಳಿಯುತ್ತದೆ. ನುಡಿಸುವ ಮುಳ್ಳಿನ ಅಳತೆಯೂ ಮುಖ್ಯ. ಲಾಂಗ್‌ಪ್ಲೇ ತಟ್ಟೆಯ ಸೂಕ್ಷ್ಮ ಗೀರಿಗೆಂದು ಮಾಡಿದ ಮುಳ್ಳು ಹಳೆಯ ಅಗಲ ಗೀರಿನ ತಳಕ್ಕೆ ಇಳಿದು, ಅಲ್ಲಿನ ಕಸವನ್ನೇ ಓದುತ್ತದೆ.

ಎರಡನೆಯ ಪ್ರಶ್ನೆ ವೇಗದ್ದು. ಹಳೆಯ ತಟ್ಟೆಗಳೆಲ್ಲವೂ ನಿಮಿಷಕ್ಕೆ ಸರಿಯಾಗಿ 78 ಸುತ್ತಿನಲ್ಲಿಯೇ ಮುದ್ರಣವಾದವಲ್ಲ. 74 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ಶ್ರುತಿಯು ಶೇಕಡಾ 5ರಷ್ಟು ಏರುತ್ತದೆ, ಅಂದರೆ ಹಾರ್ಮೋನಿಯಂನ ಒಂದು ಪಟ್ಟಿಯಿಂದ ಪಕ್ಕದ ಪಟ್ಟಿಗೆ ಹೆಚ್ಚುಕಡಿಮೆ ಜಿಗಿದಂತಾಗುತ್ತದೆ. ಲಯವೂ ಅಷ್ಟೇ ಚುರುಕಾಗುತ್ತದೆ, ಕಂಠವು ತೆಳುವಾಗಿ ಕೇಳಿಸುತ್ತದೆ. ಇಂತಹ ಪ್ರತಿಯನ್ನು ಆಧರಿಸಿ ಗಾಯಕಿಯ ಕಂಠದ ಎತ್ತರವನ್ನು ನಿರ್ಣಯಿಸಿದರೆ, ಯಂತ್ರದ ದೋಷವನ್ನು ವ್ಯಕ್ತಿಯ ಗುಣವೆಂದು ಬರೆದಂತಾಗುತ್ತದೆ.

ಮೂರನೆಯ ಹಂತ ಗಣಕಯಂತ್ರದ್ದು. 2000ದಲ್ಲಿ ಬಿಡುಗಡೆಯಾದ ‘ಅಡಾಸಿಟಿ’ಯಂತಹ ಉಚಿತ ತಂತ್ರಾಂಶಗಳು ಈ ಕೆಲಸವನ್ನು ಮನೆಮನೆಗೆ ತಂದವು. ಹಾಡು ಆರಂಭವಾಗುವ ಮುನ್ನ ಕೇಳುವ ಬರಿಯ ಸದ್ದಿನ ತುಣುಕನ್ನು ತಂತ್ರಾಂಶಕ್ಕೆ ಮಾದರಿಯಾಗಿ ತೋರಿಸಿದರೆ, ಅದು ಆವರ್ತನವಾರು ಆ ಸದ್ದಿನ ಪ್ರಮಾಣವನ್ನು ಅಳೆದು, ಹಾಡಿನುದ್ದಕ್ಕೂ ಆ ಮಟ್ಟದೊಳಗಿನ ಧ್ವನಿಯನ್ನು ತಗ್ಗಿಸುತ್ತದೆ. ತೊಡಕಿರುವುದು ಇಲ್ಲಿಯೇ. ಸಕಾರ, ಶಕಾರಗಳ ಶಕ್ತಿಯು ಹೆಚ್ಚಾಗಿ 3,000 ಹರ್ಟ್ಸ್‌ನಿಂದ ಮೇಲಕ್ಕೆ ಇರುತ್ತದೆ. ತಟ್ಟೆಯ ಸದ್ದೂ ಅಲ್ಲಿಯೇ ಎದ್ದು ಕೇಳುತ್ತದೆ. ಒಂದನ್ನು ಅತಿಯಾಗಿ ಒರೆಸಿದರೆ ಮತ್ತೊಂದೂ ಅಳಿಯುತ್ತದೆ. ಉಸಿರು, ಮಹಾಪ್ರಾಣದ ಒತ್ತು, ಸ್ವರ ಮುಗಿಯುವಾಗಿನ ನವಿರಾದ ಇಳಿತ ಇವೆಲ್ಲ ಮರೆಯಾಗುತ್ತವೆ. ಬೀಳಗಿಯ ಹೆಣ್ಣುಮಗಳೊಬ್ಬಳು ಹಿಂದಿಯ ಶಬ್ದಗಳನ್ನು ಹೇಗೆ ಉಚ್ಚರಿಸಿದಳೆಂದು ತಿಳಿಯಬಯಸುವ ಸಂಶೋಧಕನಿಗೆ ಅಗತ್ಯವಾದುದು ಇದೇ.

ತುಣುಕಿಗೆ ರೂಪ ಕೊಡುವಾಗಲೂ ಇದೇ ಎಚ್ಚರ ಬೇಕು. ಧ್ವನಿತರಂಗವನ್ನು ಅದರ ಏರಿನ ನಡುವೆ ಕತ್ತರಿಸಿದರೆ ‘ಟಕ್’ ಎಂಬ ಹೊಸ ಸದ್ದು ಹುಟ್ಟುತ್ತದೆ. ತರಂಗವು ಶೂನ್ಯರೇಖೆಯನ್ನು ದಾಟುವಲ್ಲಿ ಕತ್ತರಿಸಬೇಕು. ಆದರೆ ಮೀಂಡಿನ ನಡುವೆ ಕತ್ತರಿಸಿದ ತುಣುಕು ತಾಂತ್ರಿಕವಾಗಿ ನಿರ್ದುಷ್ಟವಾಗಿದ್ದರೂ ಸಂಗೀತದ ದೃಷ್ಟಿಯಿಂದ ಭಗ್ನಪಾಠವೇ.

ತಟ್ಟೆಯಿಂದ ಬಯಲಿಗೆ ಬಂದರೆ ಸಮಸ್ಯೆಯ ಸ್ವರೂಪ ಬದಲಾಗುತ್ತದೆ. ಮುಧೋಳ ತಾಲ್ಲೂಕಿನ ಲೋಕಾಪುರ ಮೊದಲಾದೆಡೆ ಬೆಳೆದ ಶ್ರೀಕೃಷ್ಣ ಪಾರಿಜಾತದ ಬಯಲು ಪ್ರದರ್ಶನವನ್ನು ಮುದ್ರಿಸಿದಾಗ, ಹಾಡಿನ ಜೊತೆಗೆ ಪ್ರೇಕ್ಷಕರ ನಗೆ, ಶಿಳ್ಳೆ, ದೂತಿಯ ಮಾತಿಗೆ ಬಂದ ಮರುಮಾತುಗಳೂ ದಾಖಲಾಗುತ್ತವೆ. ಹಾಡಷ್ಟೇ ಬೇಕೆನ್ನುವವರಿಗೆ ಇವು ಕಸ. ರಂಗಭೂಮಿಯ ಚರಿತ್ರಕಾರನಿಗೆ ಪ್ರದರ್ಶನದ ಅರ್ಧ ಭಾಗ. ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳ ಸದ್ದನ್ನೂ ಹೀಗೆಯೇ ನೋಡಬೇಕು. ಬಡಿತ ಬಡಿತವಾಗಿ ಬರುವ ಅದನ್ನು, ಸ್ಥಿರವಾದ ಸದ್ದಿಗೆಂದು ರೂಪಿಸಿದ ಸಾಧನವು ಪೂರ್ಣವಾಗಿ ತೆಗೆಯಲಾರದು. ನೇಕಾರರ ಮನೆಯಲ್ಲಿ ಹಾಡಿದ ಪದದ ಹಿಂದೆ ಅದು ಕೇಳಿಸುತ್ತಿದ್ದರೆ, ಆ ಪದ ಎಲ್ಲಿ, ಯಾರ ನಡುವೆ ಬದುಕಿತ್ತೆಂಬುದಕ್ಕೆ ಅದೇ ಆಧಾರ.

ಹೀಗೆ ಸದ್ದು ಮೂರು ಬಗೆಯದು: ಮಾಧ್ಯಮದ್ದು, ಯಂತ್ರದ್ದು, ಪರಿಸರದ್ದು. ಮೊದಲನೆಯದನ್ನು ಮಿತವಾಗಿ ತೆಗೆಯಬಹುದು; ಎರಡನೆಯದನ್ನು ಆಧಾರಸಹಿತ ತಿದ್ದಬೇಕು; ಮೂರನೆಯದನ್ನು ಸಂಶೋಧನ ಪ್ರತಿಯಲ್ಲಿ ಮುಟ್ಟಬಾರದು. 24 ಬಿಟ್‌ನಲ್ಲಿ, ಕನಿಷ್ಠ 48,000 ಹರ್ಟ್ಸ್ ದರದಲ್ಲಿ ವರ್ಗಾಯಿಸಿದ ಮೂಲಪ್ರತಿಯನ್ನು ಹಾಗೆಯೇ ಇರಿಸಿ, ಪರಿಷ್ಕೃತ ಪ್ರತಿಯನ್ನು ಬೇರೆಯಾಗಿ ಮಾಡಿ, ಮುಳ್ಳು, ವೇಗ ಮತ್ತು ಮಾಡಿದ ತಿದ್ದುಪಡಿಗಳನ್ನು ಬರೆದಿಡುವುದು ಯುಕ್ತ. ಹೊಸ ಸಂಗೀತದಲ್ಲಿ ಹಳೆಯ ತುಣುಕನ್ನು ಬಳಸುವವರು ಹಕ್ಕುಗಳನ್ನೂ ಪರಿಶೀಲಿಸಬೇಕು. ಭಾರತದ ಕಾಯಿದೆಯಂತೆ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷಗಳಿಗೆ ಮುಗಿಯುತ್ತದೆ; ಸಾಹಿತ್ಯ ಮತ್ತು ಸ್ವರಸಂಯೋಜನೆಯ ಹಕ್ಕುಗಳ ಲೆಕ್ಕ ಬೇರೆ.

ಓಲೆಗರಿಯ ಅಕ್ಷರ ಮಸುಕಾಗಿದ್ದರೆ ಸಂಪಾದಕನು ತನ್ನ ಊಹೆಯನ್ನು ಆವರಣದಲ್ಲಿಟ್ಟು ತೋರಿಸುತ್ತಾನೆ. ಧ್ವನಿಯಲ್ಲಿ ಆವರಣ ಚಿಹ್ನೆಯಿಲ್ಲ. ಒರೆಸಿದ ಜಾಗ ಮೌನವಾಗಿಯೇ ಕೇಳಿಸುತ್ತದೆ. ಆದುದರಿಂದಲೇ ಮೂಲಪ್ರತಿಯ ರಕ್ಷಣೆ ಇಲ್ಲಿ ಗ್ರಂಥಕ್ಕಿಂತಲೂ ಹೆಚ್ಚಿನ ಹೊಣೆ.