ಅವ್ವನ ಸೀರೆಗೆ ಬಣ್ಣ ಆರಿಸಿದವರು ಯಾರು?

ಸಂತೆಯಲ್ಲಿ ಸೀರೆ ರಾಶಿಯ ಮುಂದೆ ಅವ್ವ ಕುಕ್ಕರುಗಾಲಲ್ಲಿ ಕೂತಿದ್ದಳು. ಅರವತ್ತು ದಾಟಿದ ಹೆಂಗಸು. ಅಪ್ಪ ಸತ್ತು ಎರಡು ವರ್ಷವಾಗಿತ್ತು. ರಾಶಿಯೊಳಗೆ ಕೈ ಹಾಕಿ ದಾಳಿಂಬೆ ಬಣ್ಣದ ಒಂದು ಸೀರೆ ಎಳೆದಳು. ಮಡಿಕೆ ಬಿಚ್ಚಿ ಬಿಸಿಲಿಗೆ ಹಿಡಿದಳು. ತನ್ನ ಕಪ್ಪು ತೋಳಿನ ಮೇಲೆ ಹಾಸಿಕೊಂಡು ನೋಡಿದಳು. ಅಂಗಡಿಯವನು ನನ್ನ ಮುಖ ನೋಡಿದ. ನಾನೇ ಬಾಯಿ ಬಿಟ್ಟೆ: "ಇದ್ಯಾಕವ್ವ ಈ ವಯಸ್ಸಿಗೆ? ಆ ಬೂದಿ ಬಣ್ಣದ್ದು ತಗೊ, ಒಪ್ಪುತ್ತೆ." ಅವ್ವ ಮರುಮಾತಾಡಲಿಲ್ಲ. ಕೆಂಪು ಸೀರೆ ಮಡಿಸಿಟ್ಟು ಬೂದಿ ಬಣ್ಣದ್ದನ್ನೇ ತಗೊಂಡಳು.

ಆ ಕಾಲಕ್ಕೆ ನಾನು ಸಭೆಗಳಲ್ಲಿ ಮನುವಿನ ವಿರುದ್ಧ ಭಾಷಣ ಬಿಗಿಯುತ್ತಿದ್ದವನು. ಹಂಗಾದರೆ ಸಂತೆಯಲ್ಲಿ ನನ್ನ ಬಾಯೊಳಗೆ ಕೂತು ಮಾತಾಡಿದವನು ಯಾರು? ಈ ಪ್ರಶ್ನೆ ಬಹಳ ದಿನ ಕಾಡಿತು. ಅದರ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಭಾಷೆಯಲ್ಲಿ ಬಣ್ಣ 'ಒಪ್ಪುತ್ತೆ' ಅಂತೀವಿ. ಒಪ್ಪುವುದು ಅಂದರೆ ಚಂದ ಕಾಣುವುದು. ಒಪ್ಪುವುದು ಅಂದರೆ ಅನುಮತಿ ಕೊಡುವುದು ಕೂಡ. ವಯಸ್ಸಾದ ಹೆಂಗಸಿಗೆ ಯಾವ ಬಣ್ಣ ಒಪ್ಪುತ್ತೆ ಎಂದು ಕೇಳುವಾಗ ಎರಡನೇ ಅರ್ಥ ಮೊದಲನೆಯದರ ಹೊಟ್ಟೆಯೊಳಗೆ ಅಡಗಿ ಕೂತಿರುತ್ತದೆ. ಚಂದವೋ ಅಲ್ಲವೋ ಆಮೇಲಿನ ಮಾತು. ಮೊದಲು ಯಾರು ಒಪ್ಪಬೇಕು?

ಮನುಸ್ಮೃತಿಯ ಹತ್ತನೇ ಅಧ್ಯಾಯ ತೆಗೆಯಿರಿ. ಚಂಡಾಲರು ಊರ ಹೊರಗಿರಬೇಕು, ಹೆಣದ ಮೇಲಿನ ಬಟ್ಟೆ ಉಡಬೇಕು, ಒಡೆದ ಮಡಕೆಯಲ್ಲಿ ಉಣ್ಣಬೇಕು, ಕಬ್ಬಿಣದ ಒಡವೆ ತೊಡಬೇಕು ಎನ್ನುತ್ತದೆ. ಸೇವೆ ಮಾಡುವ ಶೂದ್ರನಿಗೆ ಎಂಜಲು ಅನ್ನ, ಹಳೇ ಬಟ್ಟೆ ಎಂದು ಅದೇ ಅಧ್ಯಾಯ ವಿಧಿಸುತ್ತದೆ. ಹೆಣದ ಬಟ್ಟೆಗೆ ಯಾವ ಬಣ್ಣ? ಸತ್ತವರಿಗೆ ಯಾವುದು ಹೊದಿಸಿದ್ದರೋ ಅದು. ಆರಿಸುವ ಮಾತೇ ಇಲ್ಲ. ಅಂದರೆ ನಮ್ಮ ಅಜ್ಜಿಯರ ಅಜ್ಜಿಯರಿಗೆ ಬಡತನದಿಂದ ಮಾತ್ರ ಬಣ್ಣ ತಪ್ಪಿದ್ದಲ್ಲ. ಆರಿಸುವ ಹಕ್ಕನ್ನೇ ಶಾಸ್ತ್ರ ಬರೆದು ಕಿತ್ತುಕೊಂಡಿದ್ದರು.

ಇನ್ನೊಂದು ತಮಾಷೆ ನೋಡಿ. ಅದೇ ಅಧ್ಯಾಯ ಬ್ರಾಹ್ಮಣ ಮಾರಬಾರದ ಸರಕುಗಳ ಪಟ್ಟಿ ಕೊಡುತ್ತದೆ. ಬಣ್ಣ ಹಾಕಿದ ಬಟ್ಟೆ, ನೀಲಿ, ಅರಗು ಎಲ್ಲ ಅದರಲ್ಲಿ ಸೇರಿವೆ. ಬಣ್ಣ ತೆಗೆಯುವ ಕೈ ಮೈಲಿಗೆ, ಬಣ್ಣ ಮಾರುವ ಕೈ ಮೈಲಿಗೆ. ಆ ಬಣ್ಣ ಉಟ್ಟು ಮೆರೆಯುವ ಮೈ ಮಾತ್ರ ಮಡಿ! ನೀಲಿ ತೊಟ್ಟಿಯಲ್ಲಿ ಮೊಣಕೈವರೆಗೆ ಅದ್ದಿ ಅದ್ದಿ ಉಗುರು ನೀಲಿಗಟ್ಟಿದ ಜನಕ್ಕೆ ಬಿಜಾಪುರ, ಧಾರವಾಡದ ಸೀಮೆಯಲ್ಲಿ ನೀಲಗಾರರು ಎಂದೇ ಜಾತಿಯ ಹೆಸರು ಬಿತ್ತು.

ಇನ್ನು ವಿಧವೆಯ ಕಡೆ ಬರೋಣ. ವಯಸ್ಸಾದ ಹೆಂಗಸಿನ ಬಣ್ಣದ ಪ್ರಶ್ನೆ ನಮ್ಮಲ್ಲಿ ಬಹುಪಾಲು ವಿಧವೆಯ ಬಣ್ಣದ ಪ್ರಶ್ನೆಯೇ. ಉತ್ತರದ ಕಡೆ ವಿಧವೆಗೆ ಬಿಳಿ. ನಮ್ಮ ಅಗ್ರಹಾರಗಳಲ್ಲಿ ತಲೆ ಬೋಳಿಸಿ, ರವಿಕೆ ಬಿಡಿಸಿ ಉಡಿಸಿದ್ದು ಎಷ್ಟೋ ಕಡೆ ಕೆಂಪು ಸೀರೆ. ಎಂ.ಕೆ. ಇಂದಿರಾ 1976ರಲ್ಲಿ ಬರೆದ 'ಫಣಿಯಮ್ಮ' ಓದಿದವರಿಗೆ, ಪ್ರೇಮಾ ಕಾರಂತರು 1983ರಲ್ಲಿ ಅದನ್ನು ಸಿನಿಮಾ ಮಾಡಿದ್ದನ್ನು ನೋಡಿದವರಿಗೆ ಆ ಬದುಕು ಗೊತ್ತು. ಈಗ ಕೇಳಿ: ಮದುವಣಗಿತ್ತಿಗೂ ಕೆಂಪು, ಬೋಳುತಲೆಯ ವಿಧವೆಗೂ ಕೆಂಪು. ಕೆಂಪು ಮಂಗಳವೋ ಅಮಂಗಳವೋ? ಬಣ್ಣಕ್ಕೆ ಯಾವ ಗುಣವೂ ಇಲ್ಲ ಸ್ವಾಮಿ. ಉಡಿಸುವವನ ಅಧಿಕಾರ ಬಣ್ಣಕ್ಕೆ ಅರ್ಥ ಕೊಡುತ್ತದೆ.

ಇದು ಮೇಲ್ಜಾತಿ ಹೆಂಗಸರ ಗೋಳು, ನಮಗೇನು ಎನ್ನುವ ಹಂಗಿಲ್ಲ. ಪುಣೆಯಲ್ಲಿ ಜೋತಿಬಾ, ಸಾವಿತ್ರಿಬಾಯಿ ಫುಲೆ ಬ್ರಾಹ್ಮಣ ವಿಧವೆಯರ ಬಾಣಂತನಕ್ಕೆ ತಮ್ಮ ಮನೆ ಬಾಗಿಲು ತೆರೆದವರು. ಅವರ ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆ 1890ರಲ್ಲಿ ಮುಂಬಯಿಯ ಕ್ಷೌರಿಕರನ್ನು ಸಭೆ ಸೇರಿಸಿದರು. ವಿಧವೆಯರ ತಲೆ ಇನ್ನು ಬೋಳಿಸುವುದಿಲ್ಲ ಎಂದು ಆ ಶೂದ್ರ ದುಡಿಮೆಗಾರರು ಕತ್ತಿ ಕೆಳಗಿಟ್ಟರು. ಶಾಸ್ತ್ರ ನಡೆಯಲಿಕ್ಕೂ ನಮ್ಮ ಕೈಯೇ ಬೇಕು, ನಿಲ್ಲಿಸಲಿಕ್ಕೂ ನಮ್ಮ ಕೈಯೇ ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಮ್ಮ ಕೇರಿ, ಹಟ್ಟಿಗಳ ಕತೆ ಬೇರೆ ಇತ್ತು. ಗಂಡ ಸತ್ತವಳಿಗೆ, ಗಂಡ ಬಿಟ್ಟವಳಿಗೆ ಇನ್ನೊಂದು ಬಾಳು ಇತ್ತು. ಅದಕ್ಕೆ ಉಡಿಕೆ ಅಂದರು, ಸೀರೆ ಉಡಿಕೆ ಅಂದರು, ಕೂಡಾವಳಿ ಅಂದರು. ಹೆಸರೇ ಹೇಳುತ್ತದೆ. ಹೊಸ ಸೀರೆ ಉಡಿಸಿದರೆ ಹೊಸ ಬಾಳು. ಆ ಲಗ್ನಕ್ಕೆ ಪೂರ್ಣ ಮರ್ಯಾದೆ ಇರಲಿಲ್ಲ ನಿಜ. ಉಡಿಕೆಯಾದವಳನ್ನು ಹಸೆಮಣೆ ಹತ್ತಿರ ಬಿಡುತ್ತಿರಲಿಲ್ಲ, ಅವಳ ಮಕ್ಕಳನ್ನು ಬೇರೆ ಸಾಲು ಎಂದು ಎಣಿಸುವ ಜಾತಿಗಳೂ ಇದ್ದವು. ಆದರೂ ಬಾಗಿಲು ತೆರೆದಿತ್ತು. 1856ರಲ್ಲಿ ಇಂಗ್ಲಿಷರ ಸರ್ಕಾರ ವಿಧವಾ ವಿವಾಹದ ಕಾನೂನು ತಂದಾಗ ನಮ್ಮ ಹೆಂಗಸರಿಗೆ ಅದು ಹೊಸ ಸುದ್ದಿಯೇ ಅಲ್ಲ.

ಆಮೇಲೆ ಏನಾಯಿತು? ಮೇಲಕ್ಕೆ ಏರುವ ಆಸೆಯಲ್ಲಿ ನಾವು ಮೇಲಿನವರ ರೋಗವನ್ನೂ ತಂದುಕೊಂಡೆವು. ಎಂ.ಎನ್. ಶ್ರೀನಿವಾಸ್ 1952ರ ತಮ್ಮ ಕೊಡಗಿನ ಪುಸ್ತಕದಲ್ಲಿ ಈ ಚಾಳಿಗೆ 'ಸಂಸ್ಕೃತೀಕರಣ' ಎಂಬ ಹೆಸರಿಟ್ಟರು. ಮಾಂಸ ಬಿಡುವುದು, ಹೆಂಡ ಬಿಡುವುದು, ಉಡಿಕೆ ನಿಲ್ಲಿಸುವುದು. ಗಂಡಸು ಜನಿವಾರದ ಕನಸು ಕಂಡ. ಅದಕ್ಕೆ ಬೆಲೆ ತೆತ್ತವಳು ಮನೆಯ ಮುದುಕಿ. ಬಳೆ ಒಡೆಸಿದರು, ಹಣೆ ಒರೆಸಿದರು, ಬಣ್ಣ ಕಿತ್ತರು. ಅಂದು ಸಂತೆಯಲ್ಲಿ ನನ್ನ ಬಾಯಲ್ಲಿ ಕೂತಿದ್ದವನು ಇವನೇ.

ಸವದತ್ತಿಯ ಗುಡ್ಡಕ್ಕೆ ಬಿಟ್ಟ ನಮ್ಮ ಹೆಣ್ಣುಮಕ್ಕಳದು ಇನ್ನೂ ಕ್ರೂರ ಆಟ. ದೇವಿಗೆ ಬಿಟ್ಟವಳು ನಿತ್ಯಮುತ್ತೈದೆಯಂತೆ. ಮಾರ್ಗಶಿರದ ರಂಡಿ ಹುಣ್ಣಿಮೆಗೆ ಎಲ್ಲಮ್ಮ ವಿಧವೆಯಾದಳೆಂದು ಬಳೆ ಒಡೆದುಕೊಳ್ಳಬೇಕು. ಮಾಘದ ಭರತ ಹುಣ್ಣಿಮೆಗೆ ಎಲ್ಲಮ್ಮ ಮುತ್ತೈದೆಯಾದಳೆಂದು ಮತ್ತೆ ಹಸಿರು ಬಳೆ ಇಟ್ಟುಕೊಳ್ಳಬೇಕು. ಹಸಿರು ಬಳೆ, ಭಂಡಾರದ ಹಳದಿ ಎಲ್ಲ ಕೊಟ್ಟರು, ಅವಳ ಮೈಯನ್ನು ಊರಿನ ಪಾಲು ಮಾಡಿದರು. ಮೈ ಸೋತ ಮೇಲೆ ಆ ನಿತ್ಯಮುತ್ತೈದೆ ಪಡ್ಡಲಗಿ ಹಿಡಿದು ಜೋಗವ್ವನಾಗಿ ಮನೆಮನೆ ತಿರುಗಿದಳು. ಕರ್ನಾಟಕ ಸರ್ಕಾರ 1982ರಲ್ಲಿ ದೇವದಾಸಿ ಬಿಡುವುದನ್ನು ನಿಷೇಧಿಸಿ ಕಾನೂನು ಮಾಡಿತು. ಬಣ್ಣ ಸಿಕ್ಕ ಮಾತ್ರಕ್ಕೆ ಬಿಡುಗಡೆ ಸಿಕ್ಕಿತು ಎನ್ನುವವರಿಗೆ ಈ ಹಸಿರು ಬಳೆ ಉತ್ತರ ಹೇಳುತ್ತದೆ. ಕೊಟ್ಟ ಬಣ್ಣ ಬೇರೆ, ಆರಿಸಿದ ಬಣ್ಣ ಬೇರೆ.

ಆರಿಸಲಿಕ್ಕೆ ಹೊರಟ ಹೆಂಗಸರೂ ಇದ್ದರು. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು 1820ರ ದಶಕದಿಂದ ಮೇಲುಬಟ್ಟೆಗಾಗಿ ಪೆಟ್ಟು ತಿಂದರು, ಬೀದಿಯಲ್ಲಿ ಬಟ್ಟೆ ಹರಿಸಿಕೊಂಡರು, ಬಿಡಲಿಲ್ಲ. ಕೊನೆಗೆ 1859ರಲ್ಲಿ ರಾಜ ಒಪ್ಪಿದ. ಹೆಂಗೆ ಒಪ್ಪಿದ ಗೊತ್ತೆ? ಎದೆ ಮುಚ್ಚಿಕೊಳ್ಳಿ, ಆದರೆ ಮೇಲ್ಜಾತಿ ಹೆಂಗಸರ ಹಾಗೆ ಮಾತ್ರ ಉಡಬೇಡಿ ಎಂದ! ಮಾನ ಮುಚ್ಚುವುದಕ್ಕೆ ತಕರಾರಿಲ್ಲ, ಸರಿಸಮ ಕಾಣುವುದಕ್ಕೆ ತಕರಾರು.

ಈ ತಕರಾರನ್ನು ಬೇರಿಗೇ ಹಿಡಿದವರು ಬಾಬಾಸಾಹೇಬರು. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಮನುಸ್ಮೃತಿ ಸುಟ್ಟದ್ದು ಎಲ್ಲರಿಗೂ ಗೊತ್ತು. ಅದೇ ಸಮ್ಮೇಳನದಲ್ಲಿ ಅವರು ಹೆಂಗಸರನ್ನು ಕೂಡಿಸಿಕೊಂಡು ಸೀರೆಯ ಬಗ್ಗೆ ಮಾತಾಡಿದ್ದು ಎಷ್ಟು ಮಂದಿಗೆ ಗೊತ್ತು? ಮೇಲಕ್ಕೆ ಎತ್ತಿಕಟ್ಟುವ ಸೀರೆ, ಕೈಕಾಲು ತುಂಬ ಹೇರಿಕೊಂಡ ಅಗ್ಗದ ಲೋಹದ ಒಡವೆ ನಿಮ್ಮ ಜಾತಿಯನ್ನು ದೂರದಿಂದಲೇ ಸಾರುತ್ತವೆ, ಅವನ್ನು ಬಿಡಿ, ಬಟ್ಟೆ ಹರಿದಿದ್ದರೂ ಶುಭ್ರವಾಗಿರಲಿ ಎಂದರು. ಹೆಂಗಸರು ಮುಂದಿನ ವರ್ಷಕ್ಕೆ ನೋಡೋಣ ಅನ್ನಲಿಲ್ಲ. ಅಲ್ಲೇ ಸೀರೆಯ ನೆರಿಗೆ ಪಾದಕ್ಕೆ ಇಳಿಸಿದರು. ಭಾಷಣ ಕೇಳಿ ಚಪ್ಪಾಳೆ ತಟ್ಟಿ ಎದ್ದು ಹೋಗುವ ನಮ್ಮಂಥವರು ಅವರಿಂದ ಕಲಿಯಬೇಕು.

ಮುಂದೆ 1956ರ ಅಕ್ಟೋಬರ್ 14. ನಾಗಪುರದ ಮೈದಾನದ ತುಂಬ ಬಿಳಿ. ಬಾಬಾಸಾಹೇಬರು ಬಿಳಿ ಉಟ್ಟು ಬಂದರು. ಹೆಂಗಸರು ಬಿಳಿ ಸೀರೆ ಉಟ್ಟು ಬಂದರು. ಅವರಲ್ಲಿ ಮುತ್ತೈದೆಯರಿದ್ದರು, ವಿಧವೆಯರಿದ್ದರು, ಮುದುಕಿಯರಿದ್ದರು. ಯಾರು ಯಾರೆಂದು ಬಟ್ಟೆ ನೋಡಿ ಹೇಳುವಂತಿರಲಿಲ್ಲ. ವಿಧವೆಗೆ ಶಿಕ್ಷೆಯಾಗಿ ಉಡಿಸಿದ್ದ ಬಿಳಿಯೇ ಒಂದು ದಿನದಲ್ಲಿ ಧಮ್ಮದ ಬಣ್ಣವಾಯಿತು. ಇಂದಿಗೂ ಎಷ್ಟೋ ಬೌದ್ಧ ಮನೆಗಳಲ್ಲಿ ಮದುವಣಗಿತ್ತಿಗೆ ಬಿಳಿ ಸೀರೆ. ನೀಲಿಯದೂ ಇದೇ ಕತೆ. ಶಾಸ್ತ್ರಕ್ಕೆ ಮೈಲಿಗೆಯಾದ ನೀಲಿ, ಚಂಪಾರಣದ ರೈತನಿಂದ ಇಪ್ಪತ್ತು ಪಾಲು ಹೊಲದಲ್ಲಿ ಮೂರು ಪಾಲು ಕಿತ್ತುಕೊಂಡ ನೀಲಿ, 1942ರಲ್ಲಿ ಪರಿಶಿಷ್ಟ ಜಾತಿಗಳ ಫೆಡರೇಷನ್ನಿನ ಬಾವುಟವಾಗಿ ಎದ್ದು ನಿಂತಿತು. ಇವತ್ತು ಏಪ್ರಿಲ್ 14ರ ಮೆರವಣಿಗೆಯಲ್ಲಿ ನರೆತ ತಲೆಯ ಅವ್ವಂದಿರು ನೀಲಿ ಶಾಲು ಹೊದ್ದು ನಡೆಯುವುದನ್ನು ನೋಡಿ. ಬೆಳ್ಳಿ ಕೂದಲಿಗೆ ಆ ನೀಲಿಗಿಂತ ಒಪ್ಪುವುದು ಇನ್ನೇನಿದೆ?

ಇನ್ನು ಪೇಟೆಯ ಮಾತು. ಒಂದು ಕಾಲಕ್ಕೆ ಗಟ್ಟಿ ಕೆಂಪು ಅಂದರೆ ಬೇರು ಕುಟ್ಟಿ, ಪಟಿಕ ಹಾಕಿ, ದಿನಗಟ್ಟಲೆ ಅದ್ದಿ ಒಣಗಿಸಿ ತೆಗೆಯಬೇಕಾದ ದುಬಾರಿ ಬಣ್ಣ. 1856ರಲ್ಲಿ ಲಂಡನ್ನಿನಲ್ಲಿ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಕಲ್ಲಿದ್ದಲ ಟಾರಿನಿಂದ ನೇರಳೆ ಬಣ್ಣ ತೆಗೆದ. 1868ರಲ್ಲಿ ಜರ್ಮನರು ಬೇರಿನ ಕೆಂಪನ್ನೇ ಪ್ರಯೋಗಶಾಲೆಯಲ್ಲಿ ಮಾಡಿದರು. 1897ರಲ್ಲಿ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂತು. ಬರಬರುತ್ತ ಎಲ್ಲ ಬಣ್ಣವೂ ಸಂತೆಗೆ ಬಿತ್ತು, ಕೂಲಿಯವಳ ಕೈಗೂ ಎಟುಕಿತು. ಬೆಲೆ ಕಾಯುತ್ತಿದ್ದ ಬೇಲಿ ಮುರಿಯಿತು. ಬಾಯಿಮಾತಿನ ಬೇಲಿ ಉಳಿಯಿತು: "ಕಪ್ಪು ಮೈಗೆ ಗಾಢ ಬಣ್ಣ ಬೇಡ", "ವಯಸ್ಸಾದವಳಿಗೆ ಮಾಸಲು ಬಣ್ಣವೇ ಲಕ್ಷಣ". 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರಿನಿಂದ 'ಫೇರ್' ಕಿತ್ತುಹಾಕಿತು. ನಮ್ಮ ನಾಲಿಗೆಯಿಂದ ಅದು ಇನ್ನೂ ಹೋಗಿಲ್ಲ.

ನಮ್ಮ ಅವ್ವಂದಿರಿಗೆ ಯಾರೂ ಬರೆಯದ ಬಣ್ಣದ ಶಾಸ್ತ್ರವೊಂದು ಗೊತ್ತಿದೆ. ಅಂಗಡಿಯ ದೀಪ ನಂಬಬೇಡ, ಬಿಸಿಲಿಗೆ ಹಿಡಿ. ಕೈಗೆ ಹಿಡಿದರೆ ಸಾಲದು, ಮುಖದ ಹತ್ತಿರ ತಂದು ನೋಡು. ಎಣ್ಣೆಗಪ್ಪು ಮೈಗೆ ದಾಳಿಂಬೆ ಕೆಂಪು, ಗಿಳಿಹಸಿರು, ಅರಿಶಿನ ಬೆಳಕು ಕೊಡುತ್ತವೆ. ಬೂದಿ ಬಣ್ಣ ಇರುವ ಬೆಳಕನ್ನೂ ಕುಡಿಯುತ್ತದೆ. ತಲೆ ನರೆತ ಮೇಲೆ ಕಡುನೀಲಿಗೆ ಇನ್ನಷ್ಟು ಕಳೆ. ಮೈ ಬಣ್ಣ ಮಂಕಾಗಿರಲಿ, ಗದ್ದೆಯ ಕೆಸರು ಕಾಣಬಾರದು; ಸೆರಗು ಮಾತ್ರ ಕೆಂಪಗಿರಲಿ, ಮುಖಕ್ಕೆ ಹತ್ತಿರ ಇರೋದು ಅದೇ. ಇಳಕಲ್ ಸೀರೆ ನೋಡಿ. ಹತ್ತಿಯ ಒಡಲು, ಕೊಂಡಿ ಹಾಕಿ ಜೋಡಿಸಿದ ಕೆಂಪು ರೇಷ್ಮೆ ಸೆರಗು. ಹದಿನಾರರ ಹುಡುಗಿಗೂ ಅದೇ ಸೆರಗು, ಎಪ್ಪತ್ತರ ಅಜ್ಜಿಗೂ ಅದೇ ಸೆರಗು. ನೇಕಾರನಿಗೆ ಇಲ್ಲದ ತಕರಾರು ನಮಗ್ಯಾಕೆ?

2022ರ ಮೇ ತಿಂಗಳಲ್ಲಿ ನಮ್ಮ ಗಡಿಗೆ ಹತ್ತಿದ ಕೊಲ್ಹಾಪುರ ಜಿಲ್ಲೆಯ ಹೇರವಾಡ ಎಂಬ ಹಳ್ಳಿ ಗ್ರಾಮಸಭೆಯಲ್ಲಿ ಠರಾವು ಮಾಡಿತು. ಗಂಡ ಸತ್ತವಳ ಬಳೆ ಒಡೆಯುವುದು, ಕುಂಕುಮ ಒರೆಸುವುದು, ತಾಳಿ ಕೀಳುವುದು ಇನ್ನು ಈ ಊರಲ್ಲಿ ಇಲ್ಲ ಎಂದು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಮಿಕ್ಕ ಪಂಚಾಯಿತಿಗಳೂ ಹೀಗೆ ಮಾಡಲಿ ಎಂದು ಸುತ್ತೋಲೆ ಕಳಿಸಿತು. ಒಂದು ಹಳ್ಳಿ ಮಾಡಿದ್ದನ್ನು ನಮ್ಮ ಹಳ್ಳಿಗಳು ಮಾಡಲಾರವೆ?

ಹೋದ ವರ್ಷ ಅವ್ವನ ಜೊತೆ ಮತ್ತೆ ಸಂತೆಗೆ ಹೋದೆ. ಈ ಸಲ ಬಾಯಿ ಮುಚ್ಚಿಕೊಂಡು ನಿಂತೆ. ಅವಳು ರಾಶಿ ಕೆದಕಿದಳು, ಬಿಸಿಲಿಗೆ ಹಿಡಿದಳು, ನನ್ನ ಕಡೆ ತಿರುಗಿದಳು. "ನೀನು ಹೇಳವ್ವ" ಅಂದೆ. "ನಾನು ಹೇಳೋದೇನೈತೆ, ಆವತ್ತೇ ಆರಿಸಿದ್ನಲ್ಲ" ಅಂದಳು.

ಗೆಳೆಯರೇ, ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಹಾಸ್ಟೆಲ್ಲಿನ ಹುಡುಗ ಹುಡುಗಿಯರೇ, ಈ ಸಲ ಊರಿಗೆ ಹೋದಾಗ ಅವ್ವನನ್ನೋ ಅಜ್ಜಿಯನ್ನೋ ಕೂರಿಸಿಕೊಂಡು ಕೇಳಿ. ಯಾವ ಬಣ್ಣ ಇಷ್ಟವಿತ್ತು? ಯಾವಾಗ ಬಿಟ್ಟೆ? ಯಾರು ಬಿಡಿಸಿದರು? ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡಿ. ರಾಜರ ಪಟ್ಟಾಭಿಷೇಕದ ತಾರೀಖು ನಮ್ಮ ಪಠ್ಯದಲ್ಲಿ ಇದೆ. ನಮ್ಮ ಅವ್ವ ಕೆಂಪು ಸೀರೆ ಮಡಿಸಿಟ್ಟ ತಾರೀಖು ಎಲ್ಲೂ ಇಲ್ಲ. ಅದನ್ನು ನಾವೇ ಬರೆಯಬೇಕು. ಬರೆದ ಮೇಲೆ ಸಂತೆಗೆ ಕರಕೊಂಡು ಹೋಗಿ, ದುಡ್ಡು ಅವಳ ಕೈಗೆ ಕೊಟ್ಟು, ಎರಡು ಹೆಜ್ಜೆ ಹಿಂದೆ ನಿಲ್ಲಿ.