ಎಲೆಯ ಹೆಸರಲ್ಲಿ ಪುಡಿ

ಸಕ್ಕರೆಗೆ ಬದಲಿ ಎಂದು ಮಾರಾಟಕ್ಕಿರುವ ಹಸಿರು ಡಬ್ಬಿಗಳ ಮೇಲೆ ಎಲೆಯ ಚಿತ್ರ ಹೇಗೆ ತಪ್ಪುವುದಿಲ್ಲವೋ ಹಾಗೆ ಒಂದು ವಿಶೇಷಣವೂ ತಪ್ಪುವುದಿಲ್ಲ: ನೈಸರ್ಗಿಕ. ಸಂತೆಯಲ್ಲಿ ಹುಟ್ಟಿದ ಮಾತಲ್ಲ ಇದು. ಸಂತೆಗೆ ಅದರದೇ ಮಾತುಗಳಿವೆ. ಹುಬ್ಬಳ್ಳಿ, ವಿಜಯಪುರದ ಕಡೆ ಬದನೆಕಾಯಿ ‘ಜವಾರಿ’ ಆಗಿರಬೇಕು. ಮಂಡ್ಯ, ಹಾಸನದ ಕಡೆ ಕೋಳಿ, ಟೊಮೆಟೊ, ಹಸು ‘ನಾಟಿ’ ಆಗಿರಬೇಕು. ಬೆಲ್ಲ ಮಾರುವವನು ‘ಏನೂ ಹಾಕಿಲ್ಲ ಸ್ವಾಮಿ’ ಎಂದು ಆಣೆ ಮಾಡಬೇಕು. ಈ ಮೂರೂ ಮಾತಿಗೆ ಬೆನ್ನೆಲುಬಿದೆ. ಜವಾರಿ, ನಾಟಿ ಎಂದರೆ ಹೈಬ್ರಿಡ್ ಅಲ್ಲ, ಫಾರಂದಲ್ಲ ಎಂದರ್ಥ. ‘ಏನೂ ಹಾಕಿಲ್ಲ’ ಎಂದವನು ಏನೋ ಹಾಕಿದ್ದು ಗೊತ್ತಾದ ದಿನ ಸುಳ್ಳುಗಾರನಾಗುತ್ತಾನೆ. ಸುಳ್ಳಾಗಬಲ್ಲ ಮಾತುಗಳಾದ್ದರಿಂದಲೇ ಇವು ನಿಜವೂ ಆಗಬಲ್ಲವು. ನೈಸರ್ಗಿಕ ಎಂಬುದನ್ನು ಸುಳ್ಳೆಂದು ತೋರಿಸುವುದು ಬಹಳ ಕಷ್ಟ. ಯಾವ ವಸ್ತುವಿನ ಮೂಲ ಹುಡುಕುತ್ತ ಹೋದರೂ ಕೊನೆಗೆ ಒಂದು ಗಿಡವೋ ಕಲ್ಲೋ ಸಿಕ್ಕೇ ಸಿಗುತ್ತದೆ.

ಸಂಸ್ಕೃತದಲ್ಲಿ ‘ಸೃಜ್’ ಎಂದರೆ ಹೊರಬಿಡುವುದು, ಸೃಷ್ಟಿಸುವುದು. ಅದರಿಂದ ಸರ್ಗ, ನಿಸರ್ಗ. ಸ್ವಭಾವದಿಂದ ಬಂದದ್ದು ನೈಸರ್ಗಿಕ. ಅದರ ಒಡಹುಟ್ಟಿನಂತಿರುವ ‘ಸಹಜ’ ಇನ್ನೂ ಸರಳ: ಜೊತೆಗೆ ಹುಟ್ಟಿದ್ದು. ಎರಡೂ ಹುಟ್ಟಿನ ಸುದ್ದಿ ಹೇಳುತ್ತವೆಯೇ ಹೊರತು ಒಳ್ಳೆಯದು ಕೆಟ್ಟದ್ದರ ಗೊಡವೆಗೆ ಹೋಗುವುದಿಲ್ಲ. ಹಾವಿಗೆ ವಿಷ ಸಹಜ, ಬೇವಿಗೆ ಕಹಿ ಸಹಜ. ಸಹಜ ಎಂಬ ಮಾತು ಆ ತಟಸ್ಥ ಗುಣವನ್ನು ಇವತ್ತಿಗೂ ಬಹುಮಟ್ಟಿಗೆ ಉಳಿಸಿಕೊಂಡಿದೆ. ಆಸ್ಪತ್ರೆಯಲ್ಲಿ ಸಹಜ ಹೆರಿಗೆಯಾಗಿ, ಪೊಲೀಸ್ ಠಾಣೆಯಲ್ಲಿ ಅಸಹಜ ಸಾವಾಗಿ ದುಡಿಯುತ್ತಿದೆ. ನೈಸರ್ಗಿಕವೂ ಪಠ್ಯಪುಸ್ತಕದಲ್ಲಿದ್ದಷ್ಟು ದಿನ ಹಾಗೆಯೇ ಇತ್ತು: ನೈಸರ್ಗಿಕ ಅನಿಲ, ನೈಸರ್ಗಿಕ ಸಂಪನ್ಮೂಲ, ನೈಸರ್ಗಿಕ ವಿಕೋಪ. ಪ್ರವಾಹವನ್ನು ನೈಸರ್ಗಿಕ ಎಂದಾಗ ಅದನ್ನು ಹೊಗಳಿದರೆಂದು ಯಾರೂ ತಿಳಿಯಲಿಲ್ಲ. ಜಾಹೀರಾತಿನ ‘ನ್ಯಾಚುರಲ್’ ಮೈಮೇಲೆ ಬಂದ ಮೇಲೆ ಈ ಪದ ಡಬ್ಬಿ ಏರಿತು. ಹುಟ್ಟಿನ ಸುದ್ದಿಯಾಗಿದ್ದದ್ದು ಗುಣದ ಪ್ರಮಾಣಪತ್ರವಾಯಿತು. ಸಸ್ಯಮೂಲದ ಸಿಹಿಗಳ ಮಟ್ಟಿಗೆ ಈ ಎರಡು ಅರ್ಥಗಳು ಬೇರೆ ಬೇರೆ ಎಂದಷ್ಟೇ ಹೇಳಿದರೆ ಸಾಲದು. ಅವು ಎದುರುಬದುರು ನಿಂತಿವೆ ಎಂಬುದು ನನ್ನ ವಾದ.

ಸ್ಟೀವಿಯಾವನ್ನೇ ನೋಡೋಣ. ಪರಾಗ್ವೆ ಸೀಮೆಯ ಈ ಪುಟ್ಟ ಗಿಡದ ಎಲೆಯನ್ನು ಅಲ್ಲಿನ ಗ್ವಾರಾನಿ ಜನ ತಮ್ಮ ‘ಮಾತೆ’ ಎಂಬ ಕಹಿ ಕಷಾಯಕ್ಕೆ ಸಿಹಿಯಾಗಿ ಬಳಸುತ್ತಿದ್ದರು. ಅವರ ಭಾಷೆಯಲ್ಲಿ ಅದರ ಹೆಸರಿನ ಅರ್ಥ ಸಿಹಿ ಸೊಪ್ಪು ಎಂದೇ. ಸ್ವಿಟ್ಜರ್‌ಲೆಂಡಿನಿಂದ ಹೋಗಿ ಅಲ್ಲಿ ನೆಲೆಸಿದ ಸಸ್ಯಶಾಸ್ತ್ರಜ್ಞ ಮೊಯಿಸೆಸ್ ಬೆರ್ತೋನಿ 1899ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿ, ರಸಾಯನಶಾಸ್ತ್ರಜ್ಞ ಒವಿದಿಯೋ ರೆಬಾದಿಯ ಹೆಸರನ್ನು ಅದಕ್ಕೆ ಅಂಟಿಸಿದ. ಇಂದು ಪೊಟ್ಟಣಗಳ ಮೇಲೆ ಕಾಣುವ ‘ರೆಬಾಡಿಯೋಸೈಡ್ ಎ’ಯಲ್ಲಿ ಅಡಗಿರುವುದು ಈ ರೆಬಾದಿಯೇ. 1931ರಲ್ಲಿ ಫ್ರಾನ್ಸಿನ ಇಬ್ಬರು ರಸಾಯನತಜ್ಞರು ಎಲೆಯ ಸಿಹಿಯನ್ನು ಹರಳಾಗಿ ಬೇರ್ಪಡಿಸಿದರು; 1970ರ ದಶಕದಲ್ಲಿ ಜಪಾನ್ ಅದನ್ನು ಕಾರ್ಖಾನೆಗೆ ತಂದಿತು. ನಮ್ಮ ನರ್ಸರಿಗಳಲ್ಲಿ ಇದಕ್ಕೆ ‘ಸಿಹಿ ತುಳಸಿ’ ಎಂಬ ಹೆಸರೂ ಇದೆ. ಗಿಡವೇನೋ ಸೇವಂತಿಗೆ, ಸೂರ್ಯಕಾಂತಿಗಳ ಕುಲದ್ದು, ತುಳಸಿಗೂ ಅದಕ್ಕೂ ನೆಂಟಸ್ತಿಕೆಯಿಲ್ಲ. ಆದರೆ ತುಳಸಿ ಎಂದ ಕೂಡಲೇ ಅದಕ್ಕೆ ಬೃಂದಾವನದ ಕಳೆ ಬಂದುಬಿಡುತ್ತದೆ, ಪ್ರಶ್ನೆ ಕೇಳುವವರ ದನಿ ಅಷ್ಟಕ್ಕೇ ತಗ್ಗುತ್ತದೆ.

ಈಗ ಡಬ್ಬಿಯೊಳಗಿನ ಬಿಳಿ ಪುಡಿಗೆ ಬರೋಣ. ಒಣಗಿದ ಎಲೆಯನ್ನು ಬಿಸಿನೀರಿನಲ್ಲಿ ನೆನೆಸಿ ಕಷಾಯ ತೆಗೆಯುತ್ತಾರೆ. ಕಂದು ಬಣ್ಣದ, ಕಹಿ ಬೆರೆತ ಆ ನೀರಿನಿಂದ ಕಲ್ಮಷವನ್ನು ಗರಣೆ ಕಟ್ಟಿಸಿ ಕೆಳಗಿಳಿಸುತ್ತಾರೆ. ಉಳಿದದ್ದನ್ನು ರಾಳದ ಕಣಗಳು ತುಂಬಿದ ಕೊಳವೆಗಳಲ್ಲಿ ಹಾಯಿಸಿ, ಅಲ್ಲಿ ಅಂಟಿಕೊಂಡ ಸಿಹಿಯನ್ನು ಆಲ್ಕೋಹಾಲಿನಲ್ಲಿ ತೊಳೆದು, ಹರಳುಗಟ್ಟಿಸಿ, ಒಣಗಿಸುತ್ತಾರೆ. ಎಲೆಯಲ್ಲಿ ನೂರಕ್ಕೆ ಹತ್ತರ ಆಸುಪಾಸಿನಲ್ಲಿದ್ದ ಸ್ಟೀವಿಯಾಲ್ ಗ್ಲೈಕೋಸೈಡುಗಳು ಪುಡಿಯಲ್ಲಿ ನೂರಕ್ಕೆ ತೊಂಬತ್ತೈದಾಗುತ್ತವೆ. ಆ ತೊಂಬತ್ತೈದು ಕಾರ್ಖಾನೆಯ ಹಟವಲ್ಲ, ಕಾನೂನಿನ ಷರತ್ತು. ವಿಶ್ವಸಂಸ್ಥೆಯ ಆಹಾರ ಸೇರ್ಪಡೆ ತಜ್ಞರ ಸಮಿತಿ 2008ರಲ್ಲಿ ಸುರಕ್ಷಿತ ಪ್ರಮಾಣವನ್ನು ಗೊತ್ತುಮಾಡಿದ್ದು ಈ ಶುದ್ಧ ರೂಪಕ್ಕೆ. ಅಮೆರಿಕದ ಆಹಾರ-ಔಷಧ ನಿಯಂತ್ರಕ ಎಫ್‌ಡಿಎ ಅದೇ ವರ್ಷ ತಕರಾರಿಲ್ಲ ಎಂದದ್ದು, ಯುರೋಪ್ 2011ರಲ್ಲಿ, ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2015ರಲ್ಲಿ ಒಪ್ಪಿದ್ದು ಕೂಡ ಇದನ್ನೇ. ಇಡೀ ಎಲೆಗೆ, ಶುದ್ಧೀಕರಿಸದ ಕಷಾಯಕ್ಕೆ ಸಿಹಿಕಾರಕವಾಗಿ ಬಳಸುವ ಒಪ್ಪಿಗೆಯನ್ನು ಎಫ್‌ಡಿಎ ಕೊಟ್ಟಿಲ್ಲ. ರಕ್ತದ ಸಕ್ಕರೆ, ಸಂತಾನಶಕ್ತಿ, ಹೃದಯ, ಮೂತ್ರಪಿಂಡಗಳ ಮೇಲೆ ಅದು ಏನು ಮಾಡುತ್ತದೆಂಬ ಸಂದೇಹ ತೀರಿಲ್ಲ ಎನ್ನುವುದು ಅದರ ಕಾರಣ. ಹೀಗಾಗಿ ಎಲೆ ನಿಸರ್ಗದ್ದು, ಅದಕ್ಕೆ ಪ್ರಮಾಣಪತ್ರವಿಲ್ಲ. ಪ್ರಮಾಣಪತ್ರವಿರುವುದು ಪುಡಿಗೆ, ಅದು ಎಲೆಯಾಗಿ ಉಳಿದಿಲ್ಲ. ಮಾರುವವರು ಎಲೆಯ ಕೀರ್ತಿಯನ್ನೂ ಪುಡಿಯ ಪತ್ರವನ್ನೂ ಒಂದೇ ಪದದಲ್ಲಿ ಕಟ್ಟಿ ಕೊಡುತ್ತಾರೆ.

ಆ ಪುಡಿಯಾದರೂ ಪೊಟ್ಟಣದಲ್ಲಿ ಎಷ್ಟಿದೆ? ರೆಬಾಡಿಯೋಸೈಡ್ ಎ ಸಕ್ಕರೆಗಿಂತ ಇನ್ನೂರು ಪಟ್ಟಿಗೂ ಮಿಗಿಲು ಸಿಹಿ. ಒಂದು ಟೀ ಚಮಚ ಸಕ್ಕರೆ, ಅಂದರೆ ನಾಲ್ಕೈದು ಗ್ರಾಮಿನ ಕೆಲಸವನ್ನು ಅದರ 20ರಿಂದ 25 ಮಿಲಿಗ್ರಾಂ ಮಾಡುತ್ತದೆ. ಅಷ್ಟನ್ನು ಬೆರಳಲ್ಲಿ ಹಿಡಿಯುವುದೂ ಕಷ್ಟವಾದ್ದರಿಂದ ಗಾತ್ರಕ್ಕೆಂದು ಬೇರೇನನ್ನೋ ಬೆರೆಸುತ್ತಾರೆ: ಎರಿಥ್ರಿಟಾಲ್, ಡೆಕ್ಸ್‌ಟ್ರೋಸ್ ಅಥವಾ ಮಾಲ್ಟೊಡೆಕ್ಸ್‌ಟ್ರಿನ್. ಒಂದು ಗ್ರಾಂ ಪೊಟ್ಟಣ ಎಂದಿಟ್ಟುಕೊಂಡರೆ ಎಲೆಯ ಪಾಲು ನೂರಕ್ಕೆ ಎರಡೂವರೆ, ಉಳಿದ ತೊಂಬತ್ತೇಳೂವರೆ ಚಿತ್ರದಲ್ಲಿಲ್ಲದ ವಸ್ತು. ಎರಿಥ್ರಿಟಾಲನ್ನು ಹೆಚ್ಚಾಗಿ ಮೆಕ್ಕೆಜೋಳದ ಪಿಷ್ಟದಿಂದ ಬಂದ ಗ್ಲೂಕೋಸನ್ನು ಯೀಸ್ಟಿನಿಂದ ಹುದುಗಿಸಿ ಮಾಡುತ್ತಾರೆ. ಡೆಕ್ಸ್‌ಟ್ರೋಸ್ ಎಂದರೆ ಗ್ಲೂಕೋಸೇ. ಸಕ್ಕರೆ ಕಾಯಿಲೆಯವರು ಯಾವುದರಿಂದ ತಪ್ಪಿಸಿಕೊಳ್ಳಲು ಪೊಟ್ಟಣ ಕೊಂಡರೋ ಅದೇ, ಅಳತೆ ಚಿಕ್ಕದು ಅಷ್ಟೆ. ಈಚಿನ ತಮಾಷೆ ಇನ್ನೊಂದು. ಎಲೆಯಲ್ಲಿ ಬಲು ಕಡಿಮೆಯಿರುವ, ಕಹಿಯಿಲ್ಲದೆ ರುಚಿಯಾಗಿರುವ ರೆಬಾಡಿಯೋಸೈಡ್ ಎಂ ಎಂಬುದನ್ನು ಈಗ ಗಿಡದ ಹಂಗಿಲ್ಲದೆ, ವಂಶವಾಹಿ ತಿದ್ದಿದ ಯೀಸ್ಟಿನಿಂದಲೂ ತಯಾರಿಸುತ್ತಾರೆ. ಎಲೆಯಿಂದ ತೆಗೆದದ್ದಕ್ಕೆ ಇ 960ಎ, ಕಿಣ್ವಗಳಿಂದ ಮಾರ್ಪಡಿಸಿದ್ದಕ್ಕೆ ಇ 960ಸಿ ಎಂದು ಯುರೋಪ್ 2021ರಲ್ಲಿ ಬೇರೆ ಬೇರೆ ಸಂಖ್ಯೆ ಕೊಟ್ಟಿತು. ಸಂಖ್ಯೆಗಿರುವ ಈ ವಿವೇಕ ಪದಕ್ಕಿಲ್ಲ.

ಇಷ್ಟು ಹೇಳಿದಾಗ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಸಂಸ್ಕರಿಸದ ಆಹಾರ ಯಾವುದಿದೆ? ಇಡ್ಲಿ ಹಿಟ್ಟು ಹುದುಗುತ್ತದೆ, ಎಣ್ಣೆ ಗಾಣದಲ್ಲಿ ಹಿಂಡಿಸಿಕೊಳ್ಳುತ್ತದೆ, ಬಿಳಿ ಸಕ್ಕರೆಯೂ ಸುಣ್ಣ, ಗಂಧಕದ ಹೊಗೆಗಳನ್ನು ದಾಟಿ ಬಂದಿದೆ. ಪಾಪ ಸ್ಟೀವಿಯಾವನ್ನು ಮಾತ್ರ ಯಾಕೆ ಹಿಡಿದು ನಿಲ್ಲಿಸಬೇಕು? ನಿಲ್ಲಿಸಬೇಕಾಗಿಲ್ಲ. ಸಂಸ್ಕರಣೆ ದೋಷವೆಂದು ನಾನು ಹೇಳುತ್ತಿಲ್ಲ. ಈ ಪುಡಿಯ ವಿಷಯದಲ್ಲಂತೂ ಸಂಸ್ಕರಣೆಯೇ ಅದರ ಯೋಗ್ಯತೆ. ಹಾಗಿದ್ದಮೇಲೆ ಅದನ್ನು ಮುಚ್ಚಿಡುವ ಪದ ಯಾಕೆ ಬೇಕು ಎಂಬುದಷ್ಟೇ ಪ್ರಶ್ನೆ. ಭಾರತದ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಗಳಲ್ಲಿ ಇದಕ್ಕೊಂದು ಗೆರೆ ಎಳೆದಿದ್ದಾರೆ. ಒಂದೇ ಪದಾರ್ಥವಾಗಿದ್ದು, ಅದಕ್ಕೆ ಏನನ್ನೂ ಸೇರಿಸದೆ, ತಿನ್ನಲು ಯೋಗ್ಯವಾಗುವಷ್ಟು ಮಾತ್ರ ಸಂಸ್ಕರಿಸಿದ್ದರೆ ‘ನ್ಯಾಚುರಲ್’ ಎನ್ನಬಹುದು. ಹಲವು ಪದಾರ್ಥ ಬೆರೆತದ್ದನ್ನು ಹಾಗೆನ್ನುವಂತಿಲ್ಲ, ಹೆಚ್ಚೆಂದರೆ ಅಂಥ ಪದಾರ್ಥಗಳಿಂದ ಮಾಡಿದ್ದು ಎನ್ನಬಹುದು. ನೋಡಿದರೆ ಇದು ಬೆಲ್ಲದಂಗಡಿಯ ‘ಏನೂ ಹಾಕಿಲ್ಲ’ವೇ, ಕಾನೂನಿನ ಅಂಗಿ ತೊಟ್ಟು ಬಂದಿದೆ.

ಇನ್ನು ಆರೋಗ್ಯದ ಮಾತು. ಇಲ್ಲಿ ಸ್ಟೀವಿಯಾಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸಬೇಕು. ಅದರ ಗ್ಲೈಕೋಸೈಡುಗಳು ಮೇಲಿನ ಕರುಳಿನಲ್ಲಿ ಹೀರಲ್ಪಡುವುದಿಲ್ಲ. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಅವನ್ನು ಸ್ಟೀವಿಯಾಲ್ ಆಗಿ ಒಡೆಯುತ್ತವೆ, ಯಕೃತ್ತು ಅದನ್ನು ಕಟ್ಟಿ ಮೂತ್ರಕ್ಕೆ ಸಾಗಿಸುತ್ತದೆ. ರಕ್ತದ ಸಕ್ಕರೆ ಏರುವುದಿಲ್ಲ, ಹಲ್ಲು ಹುಳುಕಾಗುವುದಿಲ್ಲ. ದಿನಕ್ಕೆ ದೇಹತೂಕದ ಕಿಲೋಗೆ ಸ್ಟೀವಿಯಾಲ್ ಲೆಕ್ಕದಲ್ಲಿ 4 ಮಿಲಿಗ್ರಾಂ ಮಿತಿ; 60 ಕಿಲೋ ತೂಗುವವರಿಗೆ ಅದು ರೆಬಾಡಿಯೋಸೈಡ್ ಎ ಆಗಿ ಸುಮಾರು 700 ಮಿಲಿಗ್ರಾಂ, ಅಂದರೆ 140 ಗ್ರಾಂ ಸಕ್ಕರೆಯ ಸಿಹಿ. ಕಾಫಿ ಕುಡಿಯುತ್ತ ಆ ಗೆರೆ ದಾಟುವವರು ಅಪರೂಪ. ಹಾಗಾದರೆ ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ, ತೂಕ ಇಳಿಸಲೆಂದು ಸಕ್ಕರೆಯೇತರ ಸಿಹಿಗಳನ್ನು ಬಳಸಬೇಡಿ ಎಂದದ್ದೇಕೆ? ಆ ಪಟ್ಟಿಯಲ್ಲಿ ಸ್ಯಾಕರಿನ್, ಆಸ್ಪರ್ಟೇಮ್‌ಗಳ ಪಕ್ಕದಲ್ಲೇ ಸ್ಟೀವಿಯಾವೂ ಇದೆ. ಎಲೆಯ ಮಗುವೆಂದು ವಿನಾಯಿತಿ ಸಿಗಲಿಲ್ಲ. ಅಲ್ಪಾವಧಿಯ ಪ್ರಯೋಗಗಳಲ್ಲಿ ಇಳಿದ ತೂಕ ಸರಾಸರಿ ಒಂದು ಕಿಲೋವನ್ನೂ ಮುಟ್ಟಲಿಲ್ಲ, ದೀರ್ಘಕಾಲದ ಅವಲೋಕನಗಳಲ್ಲಿ ಮಧುಮೇಹ ಮತ್ತು ಹೃದ್ರೋಗದ ನಂಟು ಕಾಣಿಸಿತು. ಆ ನಂಟಿಗೂ ಇನ್ನೊಂದು ಮುಖವಿದೆ: ತೂಕ ಏರಿದವರೇ, ಕಾಯಿಲೆಯ ಭಯ ಹತ್ತಿದವರೇ ಇಂಥ ಸಿಹಿಗೆ ತಿರುಗುವುದು ಹೆಚ್ಚು. ಸಂಸ್ಥೆಯೂ ತನ್ನ ಸಲಹೆಯನ್ನು ಷರತ್ತಿನದೆಂದೇ ಕರೆದಿದೆ, ಈಗಾಗಲೇ ಮಧುಮೇಹವಿರುವವರಿಗೆ ಇದು ಅನ್ವಯಿಸದು ಎಂದಿದೆ. ಸಕ್ಕರೆ ಕಾಯಿಲೆಯವರೊಬ್ಬರು ಎರಡು ಚಮಚ ಸಕ್ಕರೆ ಬಿಟ್ಟು ಸ್ಟೀವಿಯಾ ಹಾಕಿಕೊಂಡರೆ ಆ ಲೋಟದ ಮಟ್ಟಿಗೆ ಲಾಭವೇ. ಆದರೆ ಅದು ಸಕ್ಕರೆ ಬಿಟ್ಟದ್ದರ ಲಾಭ. ಎಲೆಯ ಪುಣ್ಯವೇನೂ ಅದರಲ್ಲಿಲ್ಲ.

ಹುಟ್ಟನ್ನು ನೋಡಿ ಗುಣ ಹೇಳುವುದು ಹೇಗೆ ಕೈಕೊಡುತ್ತದೆಂದು ಇಸ್ರೇಲಿನ ವೈಜ್‌ಮನ್ ಸಂಸ್ಥೆಯ 2022ರ ಪ್ರಯೋಗದಲ್ಲಿ ಕಾಣಬಹುದು. 120 ಆರೋಗ್ಯವಂತರ ಮೇಲೆ ನಾಲ್ಕು ಸಿಹಿಗಳನ್ನು ಎರಡು ವಾರ ಪರೀಕ್ಷಿಸಿದಾಗ ನಾಲ್ಕೂ ಹೊಟ್ಟೆಯ ಸೂಕ್ಷ್ಮಜೀವಿಗಳ ಚಿತ್ರ ಬದಲಿಸಿದವು. ದೇಹ ಗ್ಲೂಕೋಸನ್ನು ನಿಭಾಯಿಸುವ ಬಗೆಯನ್ನು ಗಮನಾರ್ಹವಾಗಿ ಕೆಡಿಸಿದವು ಸ್ಯಾಕರಿನ್ ಮತ್ತು ಸುಕ್ರಲೋಸ್. ಕೆಡಿಸದೆ ಉಳಿದ ಎರಡರಲ್ಲಿ ಒಂದು ಸ್ಟೀವಿಯಾ, ಇನ್ನೊಂದು ಅಪ್ಪಟ ಕೃತಕವಾದ ಆಸ್ಪರ್ಟೇಮ್. ಸಕ್ಕರೆಯೆಂಬ ಬಳಗವೇ ಹೀಗೆ ಗೋಜಲಿನದು. ಶರ್ಕರಾ ಎಂಬ ಪದ ಗ್ರೀಕರನ್ನೂ ರೋಮನರನ್ನೂ ಹಾದು, 1879ರಲ್ಲಿ ಡಾಂಬರಿನ ರಸಾಯನಗಳ ನಡುವೆ ಸಿಕ್ಕ ಸ್ಯಾಕರಿನ್ನಿನಲ್ಲಿ ಹೋಗಿ ಕೂತಿದೆ. ಅತ್ತ, ‘ನೈಸರ್ಗಿಕ’ ಗುಂಪಿನ ಎರಿಥ್ರಿಟಾಲ್ ರಕ್ತದಲ್ಲಿ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚೆಂದು ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್ ತಂಡ 2023ರಲ್ಲಿ ವರದಿ ಮಾಡಿತು. ನಮ್ಮ ದೇಹವೂ ಅದನ್ನು ಸ್ವಲ್ಪ ತಯಾರಿಸುವುದರಿಂದ ತಪ್ಪು ಪೊಟ್ಟಣದ್ದೇ ಎನ್ನಲಾಗದು. ದೇಹದಲ್ಲಿ ಹುಟ್ಟುವ ವಸ್ತುವಿಗಿಂತ ‘ಸಹಜ’ ಯಾವುದಿದೆ ಹೇಳಿ. ಆದರೂ ಆ ಹುಟ್ಟು ಅದನ್ನು ಅನುಮಾನದಿಂದ ಪಾರುಮಾಡಲಿಲ್ಲ.

ಸಸ್ಯಜನ್ಯ ಎಂಬ ಮಾತಿಗೆ ನಾವು ಮರುಳಾಗಿದ್ದು ಇದೇ ಮೊದಲೂ ಅಲ್ಲ. ವನಸ್ಪತಿ ಎಂದರೆ ಕಾಡಿನ ಒಡೆಯ, ಮಹಾವೃಕ್ಷ. ಆ ಹೆಸರನ್ನು ಕಳೆದ ಶತಮಾನದಲ್ಲಿ ಹೊತ್ತದ್ದು ನಿಕ್ಕೆಲ್ ವೇಗವರ್ಧಕದ ಮುಂದೆ ಎಣ್ಣೆಗೆ ಜಲಜನಕ ತುಂಬಿ ಗಟ್ಟಿ ಮಾಡಿದ ಕೊಬ್ಬು. 1937ರಿಂದ ಡಾಲ್ಡಾ ಹೆಸರಲ್ಲಿ ಮನೆಮನೆಗೆ ಬಂದ ಅದನ್ನು ತುಪ್ಪದ ಬಡ ತಮ್ಮನೆಂದು ಒಪ್ಪಿದೆವು. ಅಂಥ ಕೊಬ್ಬಿನ ಟ್ರಾನ್ಸ್ ಅಂಶಕ್ಕೆ ನೂರಕ್ಕೆ ಎರಡರ ಮಿತಿ ಬಂದದ್ದು 2022ರಲ್ಲಿ. ಹುಣಸೂರಿನ ಹೊಗೆಸೊಪ್ಪೂ ಸಸ್ಯಜನ್ಯವೇ. ಸಿಹಿಯಲ್ಲೇ ಉದಾಹರಣೆ ಬೇಕಾದರೆ ಗಂಟಲು ಕೆಟ್ಟಾಗ ಅಗಿಯುವ ಅತಿಮಧುರದ ಬೇರಿದೆ. ಅದರ ಗ್ಲಿಸಿರೈಸಿನ್ ಸಕ್ಕರೆಗಿಂತ ಹತ್ತಾರು ಪಟ್ಟು ಸಿಹಿ. ದಿನವೂ ಮಿತಿಮೀರಿ ತಿಂದರೆ ದೇಹದ ಪೊಟ್ಯಾಸಿಯಂ ಇಳಿದು ರಕ್ತದೊತ್ತಡ ಏರುತ್ತದೆ. ಯುರೋಪಿನ ತಜ್ಞರು ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಸಿನ್ ಸಾಕೆಂದಿದ್ದಾರೆ.

ಹಾಗಾದರೆ ಬೆಲ್ಲ, ಜೇನುತುಪ್ಪಗಳಿಗೆ ಮರಳೋಣ, ಅವಾದರೂ ಅಪ್ಪಟ ನಿಸರ್ಗ ಎನ್ನುವವರಿದ್ದಾರೆ. ಆಲೆಮನೆಯ ಕೊಪ್ಪರಿಗೆ ಕಾರ್ಖಾನೆಯಷ್ಟು ದೂರದ್ದಲ್ಲ, ಅಲ್ಲಿ ಬೆಂಡೆಯ ಲೋಳೆಯಿಂದ ಕೊಳೆ ತೆಗೆಯುವುದನ್ನು ಕಣ್ಣಾರೆ ನೋಡಬಹುದು. ಬಣ್ಣ ಹಳದಿಯಾಗಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕಿದರೆ ಅದನ್ನೂ ನೋಡಬಹುದು. ಏನೂ ಹಾಕದ ಕಪ್ಪು ಬೆಲ್ಲವೂ ಬಹುಪಾಲು ಸುಕ್ರೋಸೇ. ವಿಶ್ವ ಆರೋಗ್ಯ ಸಂಸ್ಥೆ ಜೇನನ್ನೂ ಹಣ್ಣಿನ ರಸವನ್ನೂ ಸಕ್ಕರೆಯ ಲೆಕ್ಕಕ್ಕೇ ಸೇರಿಸುತ್ತದೆ. ರುಚಿಗೆ ಬೆಲ್ಲ ಬೇಕು, ಹೋಳಿಗೆಗೆ ಅದರ ಬದಲಿಗೆ ಇನ್ನೊಂದಿಲ್ಲ. ಅದು ಬೇರೆ ಮಾತು.

ಈ ಇಡೀ ವ್ಯಾಪಾರ ನಡೆಯುವುದು ನಾಲಿಗೆಯ ಮೇಲಿನ ಒಂದು ಗ್ರಾಹಕದ ಮುಂದೆ. ಸ್ಟೀವಿಯಾದ ಅಣು ಅಲ್ಲಿ ಹೋಗಿ ಕೂತು, ಇಲ್ಲದ ಸಕ್ಕರೆಯನ್ನು ಇದೆ ಎನ್ನುತ್ತದೆ. ನಮ್ಮ ಕಾಡುಗಳಲ್ಲಿ ಬೆಳೆಯುವ ಮಧುನಾಶಿನಿ ಬಳ್ಳಿಯ ಎಲೆ ಅದೇ ಬಾಗಿಲಿಗೆ ಅಡ್ಡ ಕೂತು, ಇರುವ ಸಕ್ಕರೆಯನ್ನು ಇಲ್ಲ ಎನ್ನುತ್ತದೆ. ಆ ಎಲೆಯನ್ನು ಅಗಿದು ಉಗುಳಿ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಸ್ವಲ್ಪ ಹೊತ್ತು ಅದು ಬರೀ ಮರಳಿನಂತೆ ಕರಕರ ಎನ್ನುತ್ತದೆ. ಶರ್ಕರಾ ಎಂಬ ಪದಕ್ಕೆ ಸಂಸ್ಕೃತದಲ್ಲಿ ಮೊದಲಿದ್ದ ಅರ್ಥವೂ ಅದೇ: ಹರಳುಗಲ್ಲು, ಮರಳು.